ಖರ್ಚಿಲ್ಲದ ಕೋಳಿಯ ಲೆಕ್ಕ

ಮಿತವ್ಯಯವು ಸತ್ಯವಿಶ್ವಾಸಿಯ ಗುಣವೆಂಬುದನ್ನು ನಾವೆಲ್ಲರೂ ಬಲ್ಲೆವು. ಉಣ್ಣಲು, ಕುಡಿಯಲು ಅನುಮತಿಯಿತ್ತ ಕಡೆಯಲ್ಲೇ ಅಲ್ಲಾಹನು ದುಂದುವೆಚ್ಚವನ್ನು ನಿಷೇಧಿಸಿರುವುದನ್ನು ಪವಿತ್ರ ಕುರ್‌ಆನಿನ ಅಲ್ ಅಅರಾಫ್ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ನಾವು ಉಳಿಸಿದ ಹಣದ ಹೊರೆಯನ್ನು ಇನ್ನಾರೋ ಹೊರುತ್ತಿದ್ದರೆ? ಆಗಲೂ ಅದನ್ನು ಮಿತವ್ಯಯವೆಂದು ಕರೆಯಬಹುದೇ? ಈ ಪ್ರಶ್ನೆ ನನಗೆ ಎದುರಾದುದು ಗ್ರಂಥದ ಪುಟಗಳಲ್ಲಲ್ಲ, ನಮ್ಮ ಮನೆಯ ಹಿತ್ತಿಲಿನಲ್ಲಿ.

ಎರಡು ವರ್ಷಗಳ ಹಿಂದೆ ನಾವು ಕೋಳಿ ಸಾಕತೊಡಗಿದೆವು. ಅಧ್ಯಾಪಕನ ಸಂಬಳ, ಮೂವರು ಮಕ್ಕಳು, ವಯಸ್ಸಾದ ಉಮ್ಮ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ ಕಳೆದು ಉಳಿದದ್ದೇ ಹಿತ್ತಿಲು. ಹೇಂಟೆ 21 ದಿನ ಕಾವು ಕೂರುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಉಳಿದದ್ದನ್ನೆಲ್ಲ ನಷ್ಟ ಅನುಭವಿಸಿಯೇ ಕಲಿತೆವು. ಮೊದಲ ಸಲದ ಮರಿಗಳೆಲ್ಲ ಕೊಕ್ಕರೆ ರೋಗಕ್ಕೆ ತುತ್ತಾದವು. ಮರಿಗೆ ಒಂದು ವಾರವಾಗುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸಿಕೆ ಬಿಡಬೇಕೆಂದು ಪಶುವೈದ್ಯರು ಹೇಳಿದ್ದು ಆಮೇಲೆ. ಮಗ್ರಿಬ್‌ಗೆ ಮೊದಲು ಗೂಡಿನ ಬಾಗಿಲು ಹಾಕಲು ಮರೆತ ಒಂದು ರಾತ್ರಿ ಕಾಡುಬೆಕ್ಕು ಎರಡು ಹೇಂಟೆಗಳನ್ನು ಹೊತ್ತೊಯ್ದಿತು. ಹಸಿ ಹಿಕ್ಕೆಯನ್ನು ಹಾಗೆಯೇ ಬುಡಕ್ಕೆ ಹಾಕಿದ್ದರಿಂದ ಬದನೆ ಗಿಡಗಳು ಸುಟ್ಟುಹೋದವು. ಒಣಗಿದ ಎಲೆ, ಮಣ್ಣು ಬೆರೆಸಿ ಕೆಲವು ತಿಂಗಳು ಕೊಳೆಸಿದರೆ ಅದೇ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಆಗ ತಿಳಿಯಿತು. ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯಿತು. ಅಕ್ಕಿ ತೊಳೆದ ನೀರು ಬಸಳೆಗೆ, ತರಕಾರಿ ಸಿಪ್ಪೆ ಕೋಳಿಗೆ. ಹರಿದ ಮೀನಿನ ಬಲೆಯೊಂದನ್ನು ತಂದು ನಮ್ಮ ಹರಿವೆಯ ಪಾತಿಯ ಸುತ್ತ ಕಟ್ಟಿದೆವು.

ಕೋಳಿಗಳಿಗೆ ಬೇರೆ ಆಹಾರ ಹಾಕುತ್ತಿರಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದರೆ ಅವು ತಾವೇ ಹೆಕ್ಕಿ ತಿಂದು ಸಂಜೆ ಮರಳುತ್ತಿದ್ದವು. ಒಂದು ಪೈಸೆ ಖರ್ಚಿಲ್ಲದೆ ಮೊಟ್ಟೆ ತಿನ್ನುತ್ತೇವೆಂದು ಸಹೋದ್ಯೋಗಿಗಳ ಮುಂದೆ ನಾನು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಒಂದು ಬೆಳಿಗ್ಗೆ ನೆರೆಮನೆಯ ಅಕ್ಕ ಬೇಲಿಯ ಬಳಿ ಬಂದು ನಿಂತರು. ಹರಿವೆ, ಅಲಸಂಡೆ ಬೆಳೆದು ಕಟ್ಟು ಕಟ್ಟಿ ಅಂಗಡಿಗೆ ಕೊಡುವ ವಿಧವೆ ಅವರು. ಕೊಯ್ಲಿಗೆ ಬಂದಿದ್ದ ಅವರ ಹರಿವೆಯ ಪಾತಿಯನ್ನು ನಮ್ಮ ಕೋಳಿಗಳು ಪೂರ್ತಿ ಕೆದರಿ ಹಾಕಿದ್ದವು. ಅವರು ಬಯ್ಯಲಿಲ್ಲ. "ಮಾಸ್ಟ್ರೇ, ಕೋಳಿಗೆ ಬುದ್ಧಿ ಉಂಟಾ? ಅದಕ್ಕೆ ಹೇಳಿ ಪ್ರಯೋಜನ ಇಲ್ಲ" ಎಂದಷ್ಟೇ ಹೇಳಿ ಹೋದರು.

ಆ ಮಾತು ನನ್ನನ್ನು ಚುಚ್ಚಿತು. ಆದರೂ ಮನಸ್ಸು ತಪ್ಪನ್ನು ಒಪ್ಪುವ ಮೊದಲು ನೆಪವನ್ನು ಹುಡುಕುತ್ತದೆ. ನಾನು ಕಲಿತ ವಿದ್ಯೆಯೇ ನೆಪಕ್ಕೆ ಒದಗಿತು. ಬರಾಅ್ ಬಿನ್ ಆಝಿಬ್(ರ)ರ ಒಂಟೆಯು ಒಬ್ಬರ ತೋಟಕ್ಕೆ ನುಗ್ಗಿ ಹಾಳುಗೆಡವಿದಾಗ ಪ್ರವಾದಿವರ್ಯರು(ಸ) ನೀಡಿದ ತೀರ್ಪು ಅಬೂದಾವೂದ್‌ನಲ್ಲಿದೆ. ಹಗಲಿನಲ್ಲಿ ತೋಟವನ್ನು ಕಾಯುವ ಹೊಣೆ ತೋಟದವನದು, ರಾತ್ರಿಯಲ್ಲಿ ಪ್ರಾಣಿಯನ್ನು ಕಟ್ಟಿ ಕಾಯುವ ಹೊಣೆ ಪ್ರಾಣಿಯ ಒಡೆಯನದು. ನಮ್ಮ ಕೋಳಿ ಹೋದದ್ದು ಹಗಲಿನಲ್ಲಿ. ಅಂದಮೇಲೆ ನನ್ನ ಮೇಲೆ ಪರಿಹಾರವಿಲ್ಲ! ಉಮ್ಮನ ಮುಂದೆ ಹೀಗೆ ವಾದಿಸುತ್ತಿದ್ದಾಗ ಎರಡನೆಯ ಮಗಳು ನಡುವೆ ಕೇಳಿದಳು: "ಉಪ್ಪಾ, ನಮ್ಮ ಹರಿವೆಗೆ ಬಲೆ ಕಟ್ಟಿದ್ದು ನಾವೇ ಅಲ್ವಾ? ಮತ್ತೆ ಕೋಳಿ ಎಲ್ಲಿಗೆ ಹೋಗಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಕೋಳಿಗೆ ಆಹಾರ ಹಾಕದವನು ನಾನು. ನನ್ನ ಪಾತಿಗೆ ತಡೆ ಕಟ್ಟಿದವನೂ ನಾನೇ. ಹಸಿದ ಕೋಳಿಗೆ ನೆರೆಮನೆಯ ದಾರಿ ತೋರಿಸಿದವನು ಇನ್ನಾರು? ಖರ್ಚಿಲ್ಲದ ಮೊಟ್ಟೆಗೆ ಖರ್ಚು ಇತ್ತು. ಅದನ್ನು ಆ ವಿಧವೆ ತೆರುತ್ತಿದ್ದರು, ಅಷ್ಟೆ. ಮೇಲಾಗಿ, ಹಗಲು ರಾತ್ರಿಯ ಆ ವಿಧಿಯು ನಾಡಿನ ರೂಢಿಯನ್ನು ಆಧರಿಸಿದೆ ಎಂದು ಫಿಕ್‌ಹ್ ವಿದ್ವಾಂಸರೇ ಹೇಳಿದ್ದಾರೆ. ಕಾವಲುಗಾರರಿದ್ದ ವಿಶಾಲ ತೋಟಗಳ ಮಾತನ್ನು ಬೇಲಿಗೆ ಬೇಲಿ ತಾಗಿದ ನಮ್ಮ ಹಿತ್ತಿಲಿಗೆ ತಂದು ನನಗೆ ಬೇಕಾದಂತೆ ಅನ್ವಯಿಸಿಕೊಂಡಿದ್ದೆ. ಒಬ್ಬನು ನೆಟ್ಟ ಗಿಡದಿಂದ ಹಕ್ಕಿ ತಿಂದರೂ ನೆಟ್ಟವನಿಗೆ ದಾನದ ಪುಣ್ಯವಿದೆ ಎಂಬ ಹದೀಸ್ ಕೂಡ ನೆನಪಾಗಿತ್ತು. ಆದರೆ ಇನ್ನೊಬ್ಬರ ಪಾತಿಯಿಂದ ದಾನ ಮಾಡಿಸಲು ನನಗೆ ಅಧಿಕಾರ ಕೊಟ್ಟವರಾರು?

ಆ ರಾತ್ರಿ ಅಲ್ ಅಂಬಿಯಾ ಅಧ್ಯಾಯವನ್ನು ತೆರೆದೆ. ಒಂದು ಜನಾಂಗದ ಆಡುಗಳು ರಾತ್ರಿ ಇನ್ನೊಬ್ಬರ ಹೊಲಕ್ಕೆ ನುಗ್ಗಿದ ವ್ಯಾಜ್ಯವು ಹಝ್ರತ್ ದಾವೂದ್(ಅ) ಮತ್ತು ಹಝ್ರತ್ ಸುಲೈಮಾನ್(ಅ)ರ ಮುಂದೆ ಬಂದ ಪ್ರಸ್ತಾಪ ಅಲ್ಲಿದೆ. ಹೊಲ ಮೊದಲಿನಂತಾಗುವ ತನಕ ಆಡಿನವರು ಅದನ್ನು ದುಡಿದು ಸರಿಪಡಿಸಬೇಕು, ಅಲ್ಲಿಯವರೆಗೆ ಹೊಲದವನು ಆಡುಗಳ ಹಾಲು, ಉಣ್ಣೆಯನ್ನು ಅನುಭವಿಸಬೇಕು, ಬಳಿಕ ಅವರವರದು ಅವರವರಿಗೆ ಮರಳಬೇಕು ಎಂದು ಸುಲೈಮಾನ್(ಅ) ತೀರ್ಮಾನಿಸಿದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಎಂತಹ ನ್ಯಾಯ! ಹಾಳಾದುದು ಮತ್ತೆ ಹಸಿರಾಗುವ ತನಕ ಹಾಳು ಮಾಡಿದವನ ಹೊಣೆ ಮುಗಿಯುವುದಿಲ್ಲ.

ಮರುದಿನ ಮಕ್ಕಳೊಂದಿಗೆ ಬೇಲಿ ದಾಟಿ ಹೋಗಿ ಕ್ಷಮೆ ಕೇಳಿದೆ. ಅವರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಆದ್ದರಿಂದ ಮೊಟ್ಟೆ ಮಾರಿದ ಹಣದಲ್ಲಿ ಬೀಜ ಮತ್ತು ಬಲೆ ತಂದೆವು. ಕೊಳೆಸಿದ ಗೊಬ್ಬರ ಹೊತ್ತು ಪಾತಿ ಮಾಡಿದೆವು. ಹರಿವೆ ಕೊಯ್ಲಿಗೆ ಬರಲು ಸುಮಾರು ಒಂದು ತಿಂಗಳು. ಅಷ್ಟು ದಿನವೂ ಅದಕ್ಕೆ ನೀರು ಹೊಯ್ದವರು ನಮ್ಮ ಮಕ್ಕಳು. ಅಬ್ದುಲ್ಲಾಹ್ ಬಿನ್ ಅಮ್ರ್(ರ)ರವರು ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ನೆರೆಯ ಯಹೂದಿಗೆ ಕಳುಹಿಸಿದಿರಾ ಎಂದು ಮತ್ತೆ ಮತ್ತೆ ವಿಚಾರಿಸಿದ ಘಟನೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ನೆರೆಯವರ ಹಕ್ಕಿಗೆ ಧರ್ಮದ ಬೇಲಿಯಿಲ್ಲವೆಂದು ನನ್ನ ಮಕ್ಕಳಿಗೆ ಮನದಟ್ಟಾದುದು ಮಾತ್ರ ಆ ಪಾತಿಯ ಬದಿಯಲ್ಲಿ.

ಆಗ ಇನ್ನೊಂದು ಲೆಕ್ಕವೂ ಕಣ್ಣಿಗೆ ಬಿತ್ತು, ಕೋಳಿಯದೇ ಲೆಕ್ಕ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ ಅದನ್ನು ಹುಡುಕಿ ತಿನ್ನಲೂ ಬಿಡದ ಮಹಿಳೆ ಶಿಕ್ಷೆಗೊಳಗಾದುದನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹಾಗಾದರೆ ಹೊರಗೆ ಬಿಡದೆ ಕೂಡಿಹಾಕಿದರೆ ಉಣಿಸುವ ಹೊಣೆ ಪೂರ್ತಿ ನಮ್ಮದು. ಉಮ್ಮ ಕೋಳಿಯನ್ನು ಕೊಯ್ಯುವ ಮೊದಲು ಮೂರು ದಿನ ಕಟ್ಟಿ ಶುದ್ಧ ಆಹಾರ ಹಾಕುತ್ತಿದ್ದರು. ಅದು ಬರೀ ಹಳಬರ ಅಭ್ಯಾಸವೆಂದುಕೊಂಡಿದ್ದೆ. ಹೊಲಸು ತಿಂದ ಕೋಳಿಯನ್ನು ಇಬ್ನ್ ಉಮರ್(ರ)ರವರು ಮೂರು ದಿನ ಕೂಡಿಹಾಕುತ್ತಿದ್ದರೆಂಬ ವರದಿಯನ್ನು ಓದಿದಾಗ ಉಮ್ಮನ ಪದ್ಧತಿಯ ಬೇರು ತಿಳಿಯಿತು. ಹಲಾಲ್ ಎಂಬುದು ಕತ್ತಿಯ ಬಳಿ ಮಾತ್ರ ಕೇಳುವ ಪ್ರಶ್ನೆಯಲ್ಲ. ಗೂಡು, ಆಹಾರ, ಅದು ಕೆದರಿದ ನೆಲ, ಎಲ್ಲದರ ವಿಚಾರಣೆಯೂ ಇದೆ.

ಈಗ ನಮ್ಮ ಕೋಳಿಗಳು ಬಲೆಯೊಳಗಿನ ಅಂಗಳದಲ್ಲಿವೆ. ದಿನವೂ ನುಚ್ಚು ಹಾಕುತ್ತೇವೆ. ಮೊಟ್ಟೆ ಇನ್ನು ಪುಕ್ಕಟೆಯಲ್ಲ, ಲೆಕ್ಕ ಹಾಕಿದರೆ ಅಂಗಡಿಯ ಬೆಲೆಗಿಂತ ಅಷ್ಟೇನೂ ಕಡಿಮೆಯಿಲ್ಲ. ಆದರೆ ಬೇಲಿಯಾಚೆಯ ಅಕ್ಕನ ಮುಖ ನೋಡಲು ಈಗ ನನಗೆ ಅಳುಕಿಲ್ಲ.

ಓದುಗರೇ, ನಿಮ್ಮ ಮನೆಯಲ್ಲೂ ಯಾವುದಾದರೊಂದು ಉಳಿತಾಯವಿರಬಹುದು. ಕೆಲಸದಾಕೆಯ ಕೂಲಿಯಲ್ಲೋ, ನೆರೆಯವರ ಅಂಗಳಕ್ಕೆ ಹರಿಯಬಿಟ್ಟ ಬಚ್ಚಲ ನೀರಿನಲ್ಲೋ. ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ಒಮ್ಮೆ ವಿಚಾರಿಸಿ. ನಾಳೆ ಪರಲೋಕದಲ್ಲಿ ಆ ಲೆಕ್ಕ ನಮ್ಮ ಮುಂದೆ ತೆರೆಯುವ ಮೊದಲು ಇಲ್ಲಿಯೇ ಅದನ್ನು ತೀರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.