ತೆಪ್ಪವೂ ಆಚೆಯ ದಡವೂ

ರಾಣೇಬೆನ್ನೂರು ತಾಲೂಕಿನ ಚೌಡದಾನಪುರವು ತುಂಗಭದ್ರೆಯ ದಡದಲ್ಲಿದೆ. ಮುಕ್ತೇಶ್ವರನ ಗುಡಿಯುಳ್ಳ ಆ ಕ್ಷೇತ್ರವು ಶರಣ ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದುಕೊಂಡಿರುವುದು. ಹೊಳೆಯ ಅಂಬಿಗನು ಎರಡೂ ದಡಗಳನ್ನು ಬಲ್ಲವನು. ಆದುದರಿಂದಲೇ ದೋಣಿಯನ್ನೇರಿದವರು ನಿಶ್ಚಿಂತರಾಗಿ ಕುಳಿತಿರುವರು. ಆದರೆ ಮರಣವೆಂಬ ಹೊಳೆಯ ಆಚೆಯ ದಡವನ್ನು ಕಂಡುಬಂದು ಹೇಳಿದವರಾರು? ಪ್ರಾಚೀನ ಗ್ರೀಕರು ಈ ಪ್ರಶ್ನೆಯನ್ನು ಬಹು ಪ್ರಾಮಾಣಿಕವಾಗಿ ಎದುರಿಸಿದರು.

ಕ್ರಿ. ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯು 70 ವರುಷದ ಸಾಕ್ರೆಟಿಸನಿಗೆ ಮರಣದಂಡನೆಯನ್ನು ವಿಧಿಸಿತು. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆಯು ಮರಳುವ ತನಕ ವಧೆಯು ಕೂಡದೆಂಬ ನಿಯಮವಿದ್ದುದರಿಂದ ಅವನು ಸುಮಾರು 30 ದಿನ ಸೆರೆಯಲ್ಲಿದ್ದನು. ಕಡೆಯ ದಿನದ ಸಂವಾದವನ್ನು ಪ್ಲೇಟೋ 'ಫೀಡೋ' ಎಂಬ ಗ್ರಂಥದಲ್ಲಿ ನಿರೂಪಿಸಿರುವನು. (ಅಸ್ವಸ್ಥನಾದ ತಾನು ಅಲ್ಲಿರಲಿಲ್ಲವೆಂದು ಸೂಚಿಸುವ ಅವನ ಸತ್ಯಸಂಧತೆ ಮೆಚ್ಚತಕ್ಕದ್ದು.) ಆತ್ಮವು ಅಮರವೆಂಬುದಕ್ಕೆ ಸಾಕ್ರೆಟಿಸನು ಒಂದರ ಮೇಲೊಂದು ಯುಕ್ತಿಯನ್ನು ಮುಂದಿಡುತ್ತಾನೆ. ಶಿಷ್ಯರಲ್ಲಿ ಸಿಮ್ಮಿಯಾಸನು ಹೇಳುತ್ತಾನೆ: ದೈವವಾಕ್ಯವೆಂಬ ಗಟ್ಟಿ ನೌಕೆ ದೊರೆಯದಿದ್ದರೆ, ಮಾನವಬುದ್ಧಿಗೆ ಎಟುಕಿದ ಉತ್ತಮ ವಾದವನ್ನೇ ತೆಪ್ಪವಾಗಿ ಮಾಡಿಕೊಂಡು, ಅಪಾಯವನ್ನರಿತೇ ಬಾಳನ್ನು ದಾಟಬೇಕು.

ಆ ತೆಪ್ಪವಾದರೂ ಸೋರದೆ ಇರುವುದೇ? ಜೀರ್ಣವಸ್ತ್ರವನ್ನು ಕಳೆದು ಹೊಸದನ್ನು ಉಡುವಂತೆ ದೇಹಿಯು ದೇಹಗಳನ್ನು ಬದಲಿಸುವನೆಂದು ಗೀತೆಯಲ್ಲಿ ಓದಿದವರಿಗೆ, ಕೇಬೀಸನೆಂಬ ಇನ್ನೊಬ್ಬ ಶಿಷ್ಯನ ಆಕ್ಷೇಪವು ಚುಚ್ಚುವಂಥದು. ನೇಕಾರನು ತಾನು ನೆಯ್ದ ಅನೇಕ ಬಟ್ಟೆಗಳನ್ನು ಉಟ್ಟು ಹರಿಯುವನು, ದಿಟ. ಆದರೆ ಕಡೆಯ ಬಟ್ಟೆ ಉಳಿದಿರುವಾಗಲೇ ನೇಕಾರನು ಸಾಯಬಹುದಲ್ಲವೆ! ಬಹುಕಾಲ ಬಾಳುವುದೆಂದರೆ ಎಂದೆಂದಿಗೂ ಅಳಿಯದೆಂದು ಅರ್ಥವಲ್ಲ. ಸಾಕ್ರೆಟಿಸನು ಇದಕ್ಕೂ ದೀರ್ಘವಾಗಿ ಉತ್ತರವಿತ್ತನು. ಆದರೂ ಸಿಮ್ಮಿಯಾಸನು, ವಿಷಯದ ಹಿರಿಮೆಯನ್ನೂ ಮನುಷ್ಯನ ದೌರ್ಬಲ್ಯವನ್ನೂ ನೆನೆದರೆ ಸಂದೇಹವು ಉಳಿಯುವುದೆಂದನು. ಗುರುವು ಗದರಿಸಲಿಲ್ಲ, ಮೂಲಪ್ರತಿಜ್ಞೆಗಳನ್ನೇ ಇನ್ನೂ ಪರೀಕ್ಷಿಸಬೇಕೆಂದು ಒಪ್ಪಿದನು. ಸೂರ್ಯಾಸ್ತಕ್ಕೆ ವಿಷವನ್ನು ಕುಡಿಯಬೇಕಾದವನ ಮಾತಿದು. ತತ್ತ್ವಮೀಮಾಂಸೆಯ ಗಡಿಯನ್ನು ಇಷ್ಟು ಶಾಂತವಾಗಿ ಒಪ್ಪಿಕೊಂಡವರು ವಿರಳ.

ಹಾಗಾದರೆ ಅವನ ಧೈರ್ಯಕ್ಕೆ ಆಧಾರವಾವುದು? ನ್ಯಾಯಸಭೆಯಲ್ಲಿಯೇ ಅವನು ಅದನ್ನು ತಿಳಿಸಿದ್ದನು. ಮರಣವು ಕೇಡೋ ಒಳಿತೋ ಅರಿಯದೆ ಅದಕ್ಕೆ ಅಂಜುವುದು, ತಿಳಿಯದುದನ್ನು ತಿಳಿದಿದ್ದೇನೆಂಬ ಅಹಂಕಾರ. ಅನ್ಯಾಯವನ್ನೆಸಗುವುದು ಕೇಡೆಂಬುದನ್ನಾದರೋ ಅವನು ಬಲ್ಲನು. ತಿಳಿಯದ ಕೇಡಿಗೆ ಅಂಜಿ ತಿಳಿದ ಕೇಡನ್ನು ಅಪ್ಪಿಕೊಳ್ಳಲಾರೆನೆಂಬುದೇ ಅವನ ನಿಲವು. ಸ್ವರ್ಗನರಕಗಳನ್ನು ಆಚೆಯ ಲೋಕದಿಂದ ಇಳಿಸಿ ನಡೆನುಡಿಗಳಲ್ಲಿಯೇ ತೋರಿಸಿದ ಶರಣರಿಗೆ ಈ ಮಾತು ಹೊರಗಿನದೆನಿಸದು.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ ಮೈಲಾರ ಮಹಾದೇವಪ್ಪನವರು 1930ರ ದಾಂಡೀಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿಯ ಬಳಿಯ ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಹೋದಾಗ, ಅವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೂ ಗುಂಡಿಗೆ ಬಲಿಯಾದರು. ಸಾಕ್ರೆಟಿಸನು ತನ್ನ ಊರಿನ ಕಾನೂನನ್ನು ಮುರಿಯಲೊಪ್ಪದೆ ಸತ್ತನು. ಇವರು ಪರರಾಜ್ಯದ ಕಾನೂನನ್ನು ಮುರಿಯಲು ಹೋಗಿ ಮಡಿದರು. ಈ ಅಂತರವು ಸಣ್ಣದಲ್ಲ, ಮರೆಸತಕ್ಕದ್ದೂ ಅಲ್ಲ. ಆದರೆ ಆತ್ಮದ ಅಮರತ್ವವು ಸಿದ್ಧವಾಗಲೆಂದು ಅವನೂ ಕಾಯಲಿಲ್ಲ, ಇವರೂ ಕಾಯಲಿಲ್ಲ. ಮೂವರ ನೆನಪಿನ ವೀರಸೌಧವು ಹಾವೇರಿಯಲ್ಲಿದೆ.