ಹೊರುವುದು, ಹಿಡಿಯುವುದು

ಗೂಡಲೂರು ಪೇಟೆಯಿಂದ ತೊರಪಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ನನಗೆ ಪರಿಚಯದ ಒಂದು ವೆಲ್ಡಿಂಗ್ ಶಾಪಿದೆ. ಚಹಾ ಸೊಪ್ಪು ಸಾಗಿಸುವ ಟ್ರೇಲರಿನ ಮುರಿದ ಕೊಂಡಿ, ತೋಟದ ಗೇಟು, ಕಿಟಕಿಯ ಸರಳು, ಇಂಥವೇ ಸದಾ ಬಿದ್ದಿರುವ ಆ ಅಂಗಳದಲ್ಲಿ ಮಳೆಗಾಲ ಮುಗಿದ ಮೇಲಿನ ಒಂದು ಸಂಜೆ ಹಾಯಿದೋಣಿಯೊಂದು ನಿಂತಿತ್ತು. ಕಡಲಿಗೂ ಈ ಊರಿಗೂ ನಡುವೆ ನಾಡುಕಾಣಿ ಘಾಟಿ ಇಡಿಯಾಗಿ ಅಡ್ಡ ಕೂತಿದೆ. ಗುಡ್ಡದ ಊರಿನ ಹಸಿರು ಕತ್ತಲಲ್ಲಿ ಆ ಬಿಳಿಯ ದೋಣಿ ದಾರಿ ತಪ್ಪಿ ಬಂದ ಹಕ್ಕಿಯ ಹಾಗೆ ಕಾಣುತ್ತಿತ್ತು. ಬಸ್ಸಿಗೆ ಹೊರಟಿದ್ದವರು ನಿಂತು ನೋಡಿದರು, ನಾನೂ ನಿಂತೆ.

ದೋಣಿಯ ಒಡೆಯ ಮೈಸೂರಿನ ಯುವಕ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೆಲವು ವರ್ಷಗಳಿಂದ ಪುಟ್ಟ ಹಾಯಿದೋಣಿ ಓಡಿಸಿದವನು. ಅದನ್ನು ಮಾರಿ, ಕೇರಳದ ಕರಾವಳಿಯಲ್ಲಿ ಸ್ವಲ್ಪ ದೊಡ್ಡದನ್ನು ಯಾರಿಂದಲೋ ಕೊಂಡು, ಹಳೆಯ ದೋಣಿಯ ಟ್ರೇಲರಿನ ಮೇಲೆಯೇ ಏರಿಸಿಕೊಂಡು ಬರುತ್ತಿದ್ದ. ಘಾಟಿ ಹತ್ತುವಾಗ ಟ್ರೇಲರು ಹಾವಿನ ಬಾಲದಂತೆ ಆಚೀಚೆ ಹೊರಳತೊಡಗಿತಂತೆ. ಇಳಿದು ನೋಡಿದರೆ ದೋಣಿಯ ಪಕ್ಕೆಯಲ್ಲಿ ಜೇಡರಬಲೆಯಂಥ ಸಣ್ಣ ಬಿರುಕುಗಳು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮೈಸೂರಿಗೆ ಹೋಗುವ ಬಂಡೀಪುರದ ರಸ್ತೆ 2009ರಿಂದಲೂ ಮುಚ್ಚಿರುತ್ತದೆ. ಹಾಗಾಗಿ ಅವನಿಗೆ ಇಲ್ಲಿ ಒಂದು ರಾತ್ರಿ ಸಿಕ್ಕಿತ್ತು.

ಹಳೆಯ ದೋಣಿಯ ತಳ ಚಪ್ಪಟೆ. ನಡುವಿನ ಹಲಗೆಯನ್ನು ಮೇಲಕ್ಕೆ ಎಳೆದುಕೊಂಡರೆ ಅದು ಚಾಪೆಯ ಮೇಲೆ ಮಲಗಿದ ಮಗುವಿನಂತೆ ಎಲ್ಲಿ ಬೇಕಾದರೂ ಮಲಗುತ್ತದೆ. ಹೊಸದು ಹಾಗಲ್ಲ. ಅದರ ಹೊಟ್ಟೆಯ ಕೆಳಗೆ ಸೀಸವೋ ಎರಕದ ಕಬ್ಬಿಣವೋ ತುಂಬಿದ ಭಾರವಾದ ರೆಕ್ಕೆಯೊಂದು ಕದಲದ ಹಾಗೆ ಕೂತಿದೆ. ನಾವಿಕರು ಅದನ್ನು ಕೀಲ್ ಎನ್ನುತ್ತಾರೆ. ಇಂಥ ದೋಣಿಗಳ ಒಟ್ಟು ತೂಕದ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಆ ಒಂದು ರೆಕ್ಕೆಯದೇ. ನೆಲದ ಮೇಲೆ ಅದರಷ್ಟು ತೊಡಕಿನದು ಇನ್ನೊಂದಿಲ್ಲ. ದೋಣಿಯನ್ನು ಆಳೆತ್ತರಕ್ಕೆ ಏರಿಸಬೇಕಾಗುತ್ತದೆ, ನೀರಿಗೆ ಇಳಿಸಲು ಕ್ರೇನೋ ಆಳದ ಇಳಿಜಾರೋ ಬೇಕಾಗುತ್ತದೆ, ರಸ್ತೆಯ ಪ್ರತಿ ಉಬ್ಬಿಗೂ ಎದೆ ಝಲ್ಲೆನ್ನುತ್ತದೆ. ಆದರೆ ನೀರಿಗಿಳಿದ ಮೇಲೆ, ಗಾಳಿ ಹಾಯಿಯನ್ನು ಒಂದು ಕಡೆಗೆ ನೂಕುವಾಗ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಆ ಭಾರವೇ.

2018ರ ಸೆಪ್ಟೆಂಬರಿನಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದ ನಾವಿಕ ಅಭಿಲಾಷ್ ಟಾಮಿಯವರ ದೋಣಿ 'ತುರೀಯ' ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಪೂರ್ತಿ ಮಗುಚಿತು. ಕೂವೆಮರಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು, ಆದರೂ ದೋಣಿ ಸುತ್ತು ಹೊಡೆದು ಮತ್ತೆ ಮೇಲ್ಮುಖವಾಗಿ ನಿಂತಿತು. ಒಳಗೆ ಅಲುಗಾಡಲಾರದೆ ಮಲಗಿದ್ದ ಮನುಷ್ಯ ರಕ್ಷಣೆಗೆ ಬಂದವರ ಕೈಗೆ ಜೀವಂತ ಸಿಕ್ಕಿದ್ದು ಹಾಗೆ. ಅದೇ ಪಂದ್ಯದ ಮುಂದಿನ ಸರದಿಯಲ್ಲಿ, 2023ರ ಏಪ್ರಿಲಿನಲ್ಲಿ, ಅವರು ಎರಡನೆಯವರಾಗಿ ದಡ ಸೇರಿದರು. ಆ ಬಿರುಗಾಳಿಯಲ್ಲಿ ಅವರನ್ನು ಉಳಿಸಿದ ಭಾರವನ್ನು ದಡದ ಮೇಲೆ ಕಂಡವರು ಏನೆಂದುಕೊಂಡಾರು? ಎಳೆಯಲು ಆಗದ, ಎಲ್ಲೂ ಹೊಂದದ, ತಗ್ಗಿದರೆ ನೆಲಕ್ಕೆ ತಾಗುವ ಒಂದು ಅಡಚಣೆ ಎಂದೇ ಅಲ್ಲವೇ?

ಶಾಪಿನ ಮೇಸ್ತ್ರಿಗೆ ಅರುವತ್ತು ದಾಟಿದೆ. ಗುಂಡ್ಲುಪೇಟೆಯ ಕಡೆಯವರು. ಅವರ ಅಪ್ಪ ಎತ್ತಿನ ಗಾಡಿ ಕಟ್ಟುತ್ತಿದ್ದರು. ಇವರು ತಮಿಳು, ಮಲಯಾಳ, ಕನ್ನಡ ಮೂರನ್ನೂ ಬೇಕಾದ ಹಾಗೆ ಆಡುತ್ತಾರೆ. ಹಾಯಿದೋಣಿಯನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು. ಆದರೂ ಟೇಪು ಹಿಡಿಯುವ ಮೊದಲೇ, ಟ್ರೇಲರಿನ ಕೆಳಗೆ ಟಾರ್ಚು ಬಿಟ್ಟು ನೋಡಿ, ಯುವಕನಿಗೆ ಒಂದು ಮಾತು ಕೇಳಿದರು.

"ಹೊರೋದು ಯಾವ್ದು, ಹಿಡ್ಕೊಳ್ಳೋದು ಯಾವ್ದು ಅಂತ ಮೊದ್ಲು ಹೇಳಪ್ಪ."

ಯುವಕನಿಗೆ ತಕ್ಷಣ ಹೊಳೆಯಲಿಲ್ಲ. ಮೇಸ್ತ್ರಿ ಅವನ ಕೈ ಹಿಡಿದು ಬಗ್ಗಿಸಿ ತೋರಿಸಿದರು. ಕೀಲ್‌ನ ತುದಿ ಅಡ್ಡ ಪಟ್ಟಿಯ ಮೇಲೆ ನಾಲ್ಕು ಬೆರಳಷ್ಟು ಅಂತರದಲ್ಲಿ ತೂಗಾಡುತ್ತಿತ್ತು. ಆರೇಳು ನೂರು ಕಿಲೋ ತೂಕದ ದೋಣಿ ಪೂರಾ ಪಕ್ಕದ ನಾಲ್ಕು ಮೆತ್ತೆಗಳ ಮೇಲೆ ನಿಂತಿತ್ತು. ದೋಣಿ ವಾಲದಂತೆ ಆನಿಸಿ ಹಿಡಿಯಬೇಕಾದ ಮೆತ್ತೆಗಳು ಇಡೀ ದೋಣಿಯನ್ನು ಹೊರುತ್ತಿದ್ದವು. ತೆಳ್ಳನೆಯ ಪಕ್ಕೆ ಒಳಕ್ಕೆ ಒತ್ತಿ ಬಿರುಕು ಬಿಟ್ಟಿದ್ದು ಅದಕ್ಕೇ. ದಾರಿಯಲ್ಲಿ ದೋಣಿ ಅಲುಗಿದಾಗಲೆಲ್ಲ ಅವನು ಇಳಿದು ಮೆತ್ತೆಗಳ ಸ್ಕ್ರೂ ಬಿಗಿ ಮಾಡಿದ್ದ. ಬಿಗಿ ಮಾಡಿದಷ್ಟೂ ಬಿರುಕು ಹೆಚ್ಚಿತ್ತು.

ಆ ಯುವಕನ ಮುಖದಲ್ಲಿ ಆಗ ಕಂಡದ್ದನ್ನು ನಾನು ಬಲ್ಲೆ. ಕಾಪಾಡಲೆಂದು ಮಾಡಿದ್ದೇ ನೋಯಿಸಿತು ಎಂದು ತಿಳಿದಾಗ ಬರುವ ಮಂಕು ಅದು.

ನನ್ನ ತಂದೆ ದೇವರಶೋಲೆಯ ಬಳಿಯ ಒಂದು ಚಹಾ ಕಾರ್ಖಾನೆಯಲ್ಲಿ ಸೊಪ್ಪು ತೂಗುವ ಕೆಲಸದಲ್ಲಿದ್ದರು. ನಿವೃತ್ತರಾದ ಮೇಲೂ ಸುತ್ತಲಿನ ಅರ್ಧ ಎಕರೆ, ಒಂದು ಎಕರೆಯ ಬೆಳೆಗಾರರು ತಮ್ಮ ಸೊಪ್ಪಿನ ಚೀಟಿಗಳನ್ನು ತಂದು ಅವರ ಮುಂದೆ ಹರಡುತ್ತಿದ್ದರು. ತೇವಕ್ಕೆಂದು ಎಷ್ಟು ಕಿಲೋ ಕಳೆದಿದ್ದಾರೆ, ಹೋದ ತಿಂಗಳ ಬಾಕಿ ಸೇರಿದೆಯೇ ಇಲ್ಲವೇ ಎಂದು ಅವರು ಪೆನ್ಸಿಲಿನಲ್ಲಿ ಕೂಡಿ ಕಳೆದು ಹೇಳಬೇಕು. ಒಮ್ಮೊಮ್ಮೆ ಜಗಳ, ಒಮ್ಮೊಮ್ಮೆ ಇವರೇ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾದ ಸಂದರ್ಭ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ನಮ್ಮ ಮನೆಗೆ ಕರೆತಂದೆವು. ಅಮ್ಮ ಕೆಲವು ತಿಂಗಳು ನಮ್ಮಲ್ಲಿದ್ದಾಗ ಅವರಿಗೆ ಹಿತವಾಗಿದ್ದ ಕೋಣೆ, ಅದೇ ಹೊತ್ತಿಗೆ ಕಾಫಿ, ಅದೇ ಮೌನದ ಮಧ್ಯಾಹ್ನ, ಎಲ್ಲವನ್ನೂ ಹಾಗೆಯೇ ಅಪ್ಪನಿಗೂ ಒಪ್ಪಿಸಿದೆವು. ಚೀಟಿ ಹಿಡಿದು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ, ಇನ್ನು ಮುಂದೆ ಅವರಿಗೆ ತೊಂದರೆ ಕೊಡಬೇಡಿ ಎಂದು ನಾನೇ ಕೈಮುಗಿದು ಹೇಳಿದೆ. ಈ ವಯಸ್ಸಿನಲ್ಲಿ ಯಾಕಪ್ಪಾ ಈ ಭಾರ ಎಂದು ಅವರಿಗೂ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಮೂರು ತಿಂಗಳಲ್ಲಿ ಅವರ ನಡಿಗೆ ವಾಲಿತು. ನಾವು ವೈದ್ಯರನ್ನು ಬದಲಿಸಿದೆವು, ಮಾತ್ರೆ ಹೆಚ್ಚಿಸಿದೆವು, ರಾತ್ರಿ ಪಕ್ಕದಲ್ಲಿ ಒಬ್ಬರು ಮಲಗುವ ಏರ್ಪಾಡು ಮಾಡಿದೆವು. ಅಲುಗಿದಾಗಲೆಲ್ಲ ಸ್ಕ್ರೂ ಬಿಗಿ ಮಾಡಿದೆವು ಎಂದು ಈಗ ಅನ್ನಿಸುತ್ತದೆ.

ಒಂದು ದಿನ ನಾನಿಲ್ಲದಾಗ ನೆರೆಯ ಹೆಂಗಸೊಬ್ಬರು ಹಿಂಬಾಗಿಲಿನಿಂದ ಬಂದು ಚೀಟಿ ತೋರಿಸಿದ್ದಾರೆ. ನಾನು ಮನೆಗೆ ಬಂದಾಗ ಅಪ್ಪ ಊಟದ ಮೇಜಿನ ಮುಂದೆ ನೆಟ್ಟಗೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹನ್ನೊಂದು ಕಿಲೋ ಹೇಗೆ ಕಡಿಮೆಯಾಯಿತು ಎಂದು ಹುಡುಕುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ಆ ಬೆನ್ನನ್ನು ನಾನು ತಿಂಗಳುಗಟ್ಟಲೆ ನೋಡಿರಲಿಲ್ಲ.

ಭಾರ ಎಂಬ ಒಂದೇ ಮಾತನ್ನು ನಾವು ಎಷ್ಟು ಸಲೀಸಾಗಿ ಎಲ್ಲಕ್ಕೂ ಹಚ್ಚಿಬಿಡುತ್ತೇವೆ. ಒಬ್ಬರನ್ನು ಕುಗ್ಗಿಸುವ ಭಾರವಿದೆ, ಒಬ್ಬರನ್ನು ನೆಟ್ಟಗೆ ನಿಲ್ಲಿಸುವ ಭಾರವೂ ಇದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ದಣಿವಾಗಿ ಕಾಣುತ್ತವೆ. ಒಬ್ಬಾಕೆ ಎಪ್ಪತ್ತರಲ್ಲೂ ಹಸು ಕಟ್ಟುತ್ತಾರೆ, ಒಬ್ಬರು ತೀರಿಸಲಾಗದ ಸಾಲವನ್ನು ತೀರಿಸಿಯೇ ತೀರುತ್ತೇನೆ ಎನ್ನುತ್ತಾರೆ, ಒಬ್ಬ ಹುಡುಗಿ ಯಾರಿಗೂ ಬೇಡದ ವಿಷಯವನ್ನೇ ಓದುತ್ತೇನೆಂದು ಹಟ ಹಿಡಿಯುತ್ತಾಳೆ. ಇದೊಂದನ್ನು ಬಿಟ್ಟರೆ ಎಷ್ಟು ಹಗುರ ಎಂದು ಪ್ರೀತಿಸುವವರೇ ಹೇಳುತ್ತಾರೆ. ಹಲಗೆ ಎಳೆದುಕೊಂಡು ಎಲ್ಲಿ ಬೇಕಾದರೂ ಮಲಗಬಲ್ಲವರು ಇದ್ದಾರೆ, ಅವರ ಬದುಕೂ ಚಂದವೇ. ಆದರೆ ಕೆಲವರ ಭಾರ ಅವರ ಮೈಯ ಭಾಗ. ಅದನ್ನು ಕಳಚಲು ಹೋದವರು ಅವರನ್ನು ಹಗುರ ಮಾಡುತ್ತಾರೆಯೇ, ಇಲ್ಲ ಮಗುಚಲು ಬಿಡುತ್ತಾರೆಯೇ?

ಕನ್ನಡದಲ್ಲಿ ಕೀಲು ಎಂದರೆ ಸಂದು, ಗಾಡಿಯ ಗಾಲಿ ಕಳಚದಂತೆ ಹಾಕುವ ಗೂಟ, ಒಂದು ವಿಷಯದ ಗುಟ್ಟು. ನಾವಿಕರ ಕೀಲ್‌ಗೂ ನಮ್ಮ ಕೀಲಿಗೂ ನಂಟಿಲ್ಲ. ಆದರೂ ಆ ರಾತ್ರಿ ಮೇಸ್ತ್ರಿ ಅದನ್ನು ಕೀಲು ಕೀಲು ಎಂದೇ ಕರೆಯುತ್ತಿದ್ದರು. ತಿದ್ದಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೆಲಸ ನಡೆದದ್ದು ಹೀಗೆ. ಚೈನ್ ಬ್ಲಾಕಿನಿಂದ ದೋಣಿಯನ್ನು ಎತ್ತಿ ತೂಗುಬಿಟ್ಟರು. ಟ್ರೇಲರಿನ ನಡುವಿನ ಅಡ್ಡ ಪಟ್ಟಿಗಳನ್ನು ಕತ್ತರಿಸಿ ಕೆಳಗಿಳಿಸಿ, ಉದ್ದಕ್ಕೆ ಒಂದು ಕಬ್ಬಿಣದ ಚಾನೆಲ್ ಕೂರಿಸಿ, ಅದರೊಳಗೆ ಮತ್ತಿ ಮರದ ದಪ್ಪ ಹಲಗೆ ಹಾಸಿದರು. ಕೀಲ್‌ನ ಪಾದ ಅಲ್ಲಿ ಕೂರಬೇಕು. ಪಕ್ಕದ ಮೆತ್ತೆಗಳು ಎಲ್ಲಿ ಬರಬೇಕು ಎಂದು ತಿಳಿಯಲು ಮೇಸ್ತ್ರಿ ದೋಣಿಯ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು, ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ. ಟೊಳ್ಳು ಸದ್ದು, ಟೊಳ್ಳು ಸದ್ದು, ಆಮೇಲೆ ಒಂದು ಕಡೆ ಗಟ್ಟಿ ಸದ್ದು. ಒಳಗೆ ಅಡ್ಡಗೋಡೆಯಿರುವ ಜಾಗ ಅದು. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಆನಿಸುವುದಾದರೂ ಗಟ್ಟಿಯಿರುವಲ್ಲಿ ಆನಿಸಬೇಕು.

ದೋಣಿಯನ್ನು ಇಳಿಸಿದ ಮೇಲೆ ಮುಂದಿನ ಕೊಂಡಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. ತೀರಾ ಹಗುರಾಗಿ ಎದ್ದಿತು. "ಹಿಂಭಾರ," ಎಂದರು. ಹೊಸ ದೋಣಿಯ ಭಾರ ಹಳೆಯದಕ್ಕಿಂತ ಹಿಂದಿದೆ, ಘಾಟಿಯಲ್ಲಿ ಹೊರಳಿದ್ದು ಅದಕ್ಕೆ. ಎತ್ತಿನ ಗಾಡಿ ಬಲ್ಲವರಿಗೆ ಇದು ಹೊಸದಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳು ಬಿಗಿಯುತ್ತದೆ. ಅದಕ್ಕೇ ಮೂಟೆ ಏರಿಸಿದವರು ಹೊರಡುವ ಮೊದಲು ಮೂಕಿ ಎತ್ತಿ ನೋಡುತ್ತಿದ್ದರು. ಎಳೆಯುವ ಜೀವಕ್ಕೆ ಸ್ವಲ್ಪ ತೂಕ ತಾಗಬೇಕು, ಆದರೆ ಸ್ವಲ್ಪವೇ. ಮೇಸ್ತ್ರಿ ಅಚ್ಚನ್ನು ಒಂದು ಗೇಣಿನಷ್ಟು ಹಿಂದಕ್ಕೆ ಸರಿಸಿದರು.

ಮೆತ್ತೆಯ ಕಂಬಗಳನ್ನು ವೆಲ್ಡ್ ಮಾಡಿಬಿಡಿ ಎಂದು ಯುವಕ ಕೇಳಿಕೊಂಡ, ಅಲುಗುವುದೇ ಬೇಡ ಎಂದು. ಜೀವನವಿಡೀ ವೆಲ್ಡಿಂಗಿನಿಂದಲೇ ಅನ್ನ ತಿಂದವರು ಬೇಡವೆಂದರು. "ಬೋಲ್ಟ್ ಹಾಕ್ತೀನಿ ಕಣಪ್ಪ. ಇದ್ನ ಯಾವ್ದೋ ಬೇರೆ ದೋಣಿಗೆ ಮಾಡಿದ್ರು, ಇವತ್ತು ನಿನ್ಗೆ ಬಿಚ್ಚೋಕಾಯ್ತು. ನಾಳೆ ಬರೋವ್ನಿಗೂ ಬಿಚ್ಚೋಕಾಗ್ಬೇಕು."

ಈ ಬೆಟ್ಟಗಳನ್ನು ನೆನೆದಾಗ ಆ ಮಾತು ಇನ್ನೂ ದೂರ ಹೋಗುತ್ತದೆ. ನೀಲಗಿರಿಯ ನೆತ್ತಿಯ ಹುಲ್ಲುಗಾವಲನ್ನು ಮೊದಲು ಕಂಡ ಬ್ರಿಟಿಷರಿಗೆ ಅದು ಬರಿದಾದ ಬೋಳು ಬೆಟ್ಟವಾಗಿ ಕಂಡಿತು. ತೊದವ ಬುಡಕಟ್ಟಿನವರ ಎಮ್ಮೆಗಳು ಮೇಯುತ್ತಿದ್ದ, ಮಡಿಕೆಗಳಲ್ಲಿ ಶೋಲೆ ಕಾಡನ್ನು ಇಟ್ಟುಕೊಂಡು ಮಳೆನೀರನ್ನು ಹಿಡಿದು ಪೈಕಾರಕ್ಕೂ ಭವಾನಿಗೂ ಮೆಲ್ಲಗೆ ಬಿಡುತ್ತಿದ್ದ ಆ ಹುಲ್ಲನ್ನು, ಬೇರೆ ನಾಡುಗಳ ಅಳತೆಗೆ ತಂದರು. ಸೌದೆಗೆ ನೀಲಗಿರಿ ಮರ, ಚರ್ಮ ಹದ ಮಾಡಲು ವ್ಯಾಟಲ್. ಸ್ವಾತಂತ್ರ್ಯದ ಬಳಿಕ ನಮ್ಮವರೂ ಅದನ್ನೇ ಮುಂದುವರಿಸಿದರು. ಮರ ನೆಟ್ಟವರು ಕೆಟ್ಟವರೇನಲ್ಲ, ಬೆಟ್ಟಕ್ಕೆ ಒಳ್ಳೆಯದಾಗಲಿ ಎಂದೇ ಹಲವರು ನೆಟ್ಟಿರಬೇಕು. ಬೆಟ್ಟದ ಭಾರ ಯಾವುದರ ಮೇಲೆ ಕೂತಿದೆ ಎಂದು ತಟ್ಟಿ ನೋಡಿದವರು ಕಡಿಮೆ. ಈಗ ವ್ಯಾಟಲ್ ಕಿತ್ತು ಮತ್ತೆ ಹುಲ್ಲು ನಾಟುವವರನ್ನು ಕಂಡಾಗ ನನಗೆ ಅಂದು ಮರ ನೆಟ್ಟದ್ದು ಬೋಲ್ಟು ಹಾಕದೆ ಬೆಸೆದುಬಿಟ್ಟ ಕೆಲಸ ಎನ್ನಿಸುತ್ತದೆ. ಬಿಚ್ಚಲು ಎಷ್ಟು ತಲೆಮಾರು ಬೇಕೋ.

ಕೆಲಸ ಮುಗಿದಾಗ ರಾತ್ರಿ ಒಂದು ಗಂಟೆ. ಕೊನೆಗೆ ಮೇಸ್ತ್ರಿ ನಾಲ್ಕೂ ಮೆತ್ತೆಗಳ ಸ್ಕ್ರೂವನ್ನು ಒಂದೊಂದು ಸುತ್ತು ಸಡಿಲಿಸಿದರು. ಯುವಕ ಉಸಿರು ಹಿಡಿದು ಎರಡೂ ಕೈಗಳನ್ನು ದೋಣಿಗೆ ಚಾಚಿ ನಿಂತ. ದೋಣಿ ಕುಸಿಯಲಿಲ್ಲ, ತನ್ನ ಕೀಲಿನ ಮೇಲೆ ಸುಮ್ಮನೆ ಕೂತಿತ್ತು. ಆಮೇಲೆ ಮೆತ್ತೆಗಳನ್ನು ಮೈಗೆ ತಾಗುವಷ್ಟು ತಂದು ನಿಲ್ಲಿಸಿದರು.

ಬೆಳಗ್ಗೆ ಆರಕ್ಕೆ ಮೊದಲೇ ನಾನು ತೊರಪಳ್ಳಿಯ ಚೆಕ್‌ಪೋಸ್ಟಿನವರೆಗೆ ಹೋಗಿದ್ದೆ. ತರಕಾರಿ ಲಾರಿಗಳ, ಬಸ್ಸುಗಳ ಸಾಲಿನ ನಡುವೆ ಮಂಜಿನಲ್ಲಿ ತೊಯ್ದ ದೋಣಿಯೂ ನಿಂತಿತ್ತು. ಮುದುಮಲೆ ದಾಟುವವರೆಗೆ ಕಾಡಿನೊಳಗೆ ಎಲ್ಲೂ ಇಳಿಯುವಂತಿಲ್ಲ, ಅಲ್ಲಿನ ರಸ್ತೆಯುಬ್ಬುಗಳನ್ನು ಎಣಿಸಿದವರಿಲ್ಲ. ಗೇಟಿಗೆ ಮೊದಲು ಸಿಗುವ ಉಬ್ಬನ್ನು ದೋಣಿ ಎಳೆಯುತ್ತಿದ್ದ ಜೀಪು ಆಮೆಯಂತೆ ಹತ್ತಿ ಇಳಿಯಿತು. ಯುವಕ ಬಾಗಿಲು ತೆರೆದು ಹಾರಿ ಬಂದು, ತೊಯ್ದ ಡಾಂಬರಿನ ಮೇಲೆ ಮಂಡಿಯೂರಿ, ಟ್ರೇಲರಿನ ಕೆಳಗೆ ತಲೆ ಹಾಕಿ ನೋಡಿದ. ಕೀಲಿಗೂ ಹಲಗೆಗೂ ನಡುವೆ ಬೆರಳು ತೂರಿಸಲು ಯತ್ನಿಸಿದ. ತೂರಲಿಲ್ಲ. ಎದ್ದು ಮಂಡಿಯ ಕೆಸರು ಒರೆಸಿಕೊಂಡು ನನ್ನತ್ತ ಕೈ ಎತ್ತಿದ, ಅಷ್ಟರಲ್ಲಿ ಗೇಟು ತೆರೆಯಿತು.