ಕಡಲಾಮೆಯ ಮರಿಗೂ ದಾರಿ ಕಾಣಲಿ

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರಂನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಳಿಹೊತ್ತಿನ ಬಿಸಿಲು ನಂದಿಯ ಕೋಡುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಕೆಲವೇ ನಿಮಿಷಗಳಿಗಾಗಿ ನಾವೆಲ್ಲ ಕತ್ತು ನೀಳಮಾಡಿ ಕಾಯುತ್ತೇವೆ. ಗವಿಯೊಳಗೆ ಅಷ್ಟು ಕತ್ತಲೆ ಇರುವುದರಿಂದಲೇ ಆ ಒಂದು ಕಿರಣ ಎದ್ದು ಕಾಣುತ್ತದೆ.

ಅಂಥ ಕತ್ತಲೆಯೇ ಬೇಕಾದ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದೂ ಈ ಚಳಿಗಾಲದಲ್ಲೇ. ಹೊನ್ನಾವರದ ಕಾಸರಕೋಡು ಟೊಂಕದ ಮರಳ ದಂಡೆ ಅವುಗಳ ಹಳೆಯ ತವರು. ತಾಯಾಮೆ ರಾತ್ರಿ ದಡವೇರಿ, ಹಿಂಗಾಲುಗಳಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಮತ್ತೆ ಬಂದು ನೋಡುವುದಿಲ್ಲ. ಕಾವು ಕೊಡುವುದು ಮರಳಿನ ಬಿಸಿ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದೂ ಅದೇ. ಬೆಳಗ್ಗೆ ಆಮೆಯ ಹೆಜ್ಜೆ ಕಂಡ ಮೀನುಗಾರರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ನಾಯಿ, ನರಿ ಕೆದಕದಂತೆ ಗೂಡಿನ ಸುತ್ತ ಬೇಲಿ ಏಳುತ್ತದೆ.

ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ, ಹೆಚ್ಚಾಗಿ ರಾತ್ರಿಯೇ. ದಾರಿ ತೋರಲು ತಾಯಿಯಿಲ್ಲ. ದಿಗಂತದಂಚಿನಲ್ಲಿ ಎತ್ತ ಬೆಳಕು ಹೆಚ್ಚೋ ಅತ್ತ ಹರಿಯುವುದು ಅವಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಯುಗಯುಗಗಳಿಂದ ಆ ಬೆಳಕೆಂದರೆ ಚಂದ್ರ, ನಕ್ಷತ್ರಗಳನ್ನು ಪ್ರತಿಫಲಿಸುವ ಕಡಲು. ಈಗ ದಡದ ರೆಸಾರ್ಟು, ರಸ್ತೆದೀಪಗಳು ಅದಕ್ಕಿಂತ ಪ್ರಖರ. ಮರಿಗಳು ಊರಿನತ್ತ ತಿರುಗುತ್ತವೆ. ದಣಿದು, ಏಡಿ-ನಾಯಿಗಳ ಬಾಯಿಗೆ ಬೀಳುತ್ತವೆ, ಇಲ್ಲವೇ ಬಿಸಿಲೇರಿದಾಗ ಒಣಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಗೆ ಮೊದಲ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಆದರೆ ಪ್ರತಿ ಮನೆಯ ಸ್ವಿಚ್ಚಿನವರೆಗೂ ಕಾನೂನಿನ ಕೈ ಹೋಗಲಾರದು.

ಮನೆಯಲ್ಲಿ ದೀಪ ಆರಬಾರದೆಂದು ಹಿರಿಯರು ಕಲಿಸಿದ್ದಾರೆ. ಬಂದವರು ಎಡವದೆ ದಾರಿ ಕಾಣಲಿ ಎಂಬ ಅಂತಃಕರಣ ಅದರ ಹಿಂದಿದೆ. ಅದೇ ಅಂತಃಕರಣ ಕಡಲತೀರದಲ್ಲಿ ದೀಪ ಆರಿಸಲು ಹೇಳುತ್ತದೆ. ರಜೆಗೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ, ಮಲಗುವ ಮುನ್ನ ಕಡಲ ಕಡೆಯ ಲೈಟು ಆರಿಸೋಣ. ರಾತ್ರಿ ದಂಡೆಯಲ್ಲಿ ಟಾರ್ಚು, ಮೊಬೈಲಿನ ಫ್ಲ್ಯಾಶು ಬೇಡ. ಮಕ್ಕಳು ಮರಳಲ್ಲಿ ತೋಡಿದ ಗುಂಡಿಯನ್ನು, ಆಮೆಮರಿಗಳು ಬೀಳದಂತೆ, ಅವರ ಕೈಯಿಂದಲೇ ಮುಚ್ಚಿಸೋಣ. ಇಷ್ಟಕ್ಕೆ ಖರ್ಚಿಲ್ಲ, ಶ್ರಮವೂ ಇಲ್ಲ. ನಮಗೆ ಬೇಕಾದ ಬೆಳಕು ಇನ್ನೊಬ್ಬರ ದಾರಿ ತಪ್ಪಿಸುತ್ತಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಬದುಕಿನಲ್ಲಿ ಎಷ್ಟೋ ಉಪಕಾರಗಳು ಅಲ್ಲಿಂದಲೇ ಶುರುವಾಗುತ್ತವೆ.